ಜೋಲಿಗೆ ಕಟ್ಟಿದ ಸೀರೆ

ಸವದತ್ತಿಯ ಕಚೇರಿಯಲ್ಲಿ ಜಮಖಾನೆ ಹಾಸುತ್ತಿದ್ದ ಮಾಲಾಳ ಮನಸ್ಸು ಅಲ್ಲಿರಲಿಲ್ಲ. ಹಿಂದಿನ ದಿನ ಮನೋಳಿಯ ಸತ್ಯವ್ವ ಫೋನು ಮಾಡಿ, "ನಾಳೆ ಕಾರ್ಯಾಗಾರಕ್ಕ ಬರತೇನ್ರಿ ಮಾಲಕ್ಕಾರ. ಅದಾದಮ್ಯಾಲೆ ಕೆಲಸಾ ಬಿಡತೇನಿ," ಎಂದಿದ್ದಳು. ಸಿಟ್ಟಿನಿಂದ ಹೇಳಿದ್ದರೆ ಸಮಾಧಾನ ಮಾಡಬಹುದಿತ್ತು. ಆಕೆ ಸಂತೆಗೆ ಹೋಗಿಬರುತ್ತೇನೆ ಎನ್ನುವಷ್ಟು ತಣ್ಣಗೆ ಹೇಳಿದ್ದಳು.

ಕೂಲಿಗೆ ಹೋಗುವ ತಾಯಂದಿರ ಕೂಸುಗಳನ್ನು ಹಗಲು ನೋಡಿಕೊಳ್ಳುವ ಪುಟ್ಟ ಸಂಸ್ಥೆ ಅವರದು; ನಡೆಸುವವಳು ಮಾಲಾ. ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಕಡೆಗೂ ಅದರ ಕೇಂದ್ರಗಳಿದ್ದವು. ಸತ್ಯವ್ವ ಬಿಟ್ಟರೆ ಮನೋಳಿಯ ಕೇಂದ್ರ ಮುಚ್ಚಿದಂತೆಯೇ. ಅವಳ ಕೈಗಲ್ಲದೆ ಬೇರೆಯವರ ಕೈಗೆ ಅಲ್ಲಿಯ ತಾಯಂದಿರು ಕೂಸು ಕೊಡುವವರಲ್ಲ.

ಜಗಳ ಹುಟ್ಟಿದ್ದು ಸೀರೆಯಿಂದ. ಕೂಸು ಮಲಗುವ ಜೋಲಿಯನ್ನು ಸತ್ಯವ್ವ ಆ ಕೂಸಿನ ತಾಯಿಯದೇ ಸೀರೆಯಿಂದ ಕಟ್ಟುತ್ತಿದ್ದಳು; ಉಳಿದ ಕೇಂದ್ರಗಳಲ್ಲೂ ಅದೇ ರೂಢಿ. ಮಳೆಗಾಲದಲ್ಲಿ ಕೆಲವು ಕೂಸುಗಳಿಗೆ ಮೈಮೇಲೆ ಗುಳ್ಳೆ ಎದ್ದವು. ಕೇಂದ್ರಗಳ ಸ್ವಚ್ಛತೆಯ ಹೊಣೆ ಹೊತ್ತಿದ್ದ ಕಿತ್ತೂರಿನ ನೀಲಾ ಆಗ ಎಲ್ಲ ಕಡೆಗೂ ಒಂದೇ ನಮೂನೆಯ ಬಿಳಿ ಬಟ್ಟೆ ಕಳಿಸಿ, ಮನೆಯ ಸೀರೆ ತರಕೂಡದೆಂದಳು. ಸತ್ಯವ್ವ ಬಿಳಿ ಬಟ್ಟೆಯನ್ನು ಮಡಚಿ ಕಪಾಟಿನಲ್ಲಿಟ್ಟಳು. ಒಂದು ದಿನ ನೀಲಾ ಬಂದವಳೇ ತಾಯಂದಿರ ಎದುರಿಗೇ ಜೋಲಿಗಳನ್ನು ಬಿಚ್ಚಿಸಿದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಕಾರ್ಯಾಗಾರಕ್ಕೆ ಎಲ್ಲ ಕೇಂದ್ರದವರೂ ಸೇರಿದ್ದ ಈಗಲೂ ಇಬ್ಬರೂ ಜಮಖಾನೆಯ ಒಂದೊಂದು ತುದಿಗೆ ಕೂತಿದ್ದರು.

ಮಾಲಾ ಎಲ್ಲರಿಗೂ ಚೀಟಿ ಹಂಚಿದಳು. "ನಮ್ಮ ಸಂಸ್ಥಾ ಯಾತಕ್ಕೈತಿ? ಒಂದ ಮಾತಿನಾಗ ಬರೀರಿ."

ಚೀಟಿಗಳು ಬೇಗ ಬಂದವು. ಗೋಡೆಯ ಫಲಕದಲ್ಲಿದ್ದ ವಾಕ್ಯವೇ ಎಲ್ಲದರಲ್ಲೂ ಇತ್ತು: ಪ್ರತಿ ಮಗುವಿಗೂ ಸ್ವಚ್ಛ, ಸುರಕ್ಷಿತ ಬಾಲ್ಯ.

"ನೋಡಿ ಬರದೀವ್ರಿ," ಎಂದಳು ಎಲ್ಲರಿಗಿಂತ ಹಿರಿಯಳಾದ ಬೈಲಹೊಂಗಲದ ಕರೆವ್ವ. "ಅಕ್ಷರ ದುಂಡಗ ಅದಾವಿಲ್ಲೋ, ಅಷ್ಟ ಹೇಳ್ರಿ."

ಎಲ್ಲರೂ ನಕ್ಕರು. ಸತ್ಯವ್ವ ನಗಲಿಲ್ಲ. ಮಾಲಾ ಚೀಟಿಗಳನ್ನು ಬದಿಗಿಟ್ಟು, ಕುರ್ಚಿ ಬಿಟ್ಟು ಅವರ ನಡುವೆ ಬಂದು ಕೂತಳು. ಮಧ್ಯಾಹ್ನದ ಚಹಾದವರೆಗೆ ಏನು ಮಾಡಬೇಕೆಂದು ಬರೆದುಕೊಂಡು ಬಂದಿದ್ದೆಲ್ಲ ಅವಳಿಗೆ ಈಗ ಬೇಡವೆನಿಸಿತ್ತು.

"ನಮ್ಮ ನಮ್ಮ ಕೂಸನ್ನ ಮೊದಲನೇ ಸಲ ಬಿಟ್ಟು ಕೆಲಸಕ್ಕ ಹೋದ್ವಲ್ಲ, ಆ ದಿವಸದ್ದು ಹೇಳೋಣು. ನಾ ಬಸ್ ಹತ್ತಿದಾಕಿ ಇಳದು ವಾಪಸ್ ಬಂದಿದ್ದೆ. ಕೂಸು ಬಾಜೂಮನಿಯಾಗ ಆರಾಮ ಆಡಕೋತ ಕುಂತಿತ್ತು. ನೋಡಿ ಅಳು ಬಂತು."

"ಅದು ಅಳಲಿಲ್ಲಂತ ನೀವು ಅತ್ರಿ?"

"ಹೌದ್ರಿ ಕರೆವ್ವಕ್ಕ."

"ನಾ ಅತ್ತಿ ಕಡೆ ಬಿಟ್ಟಿದ್ದೆ. ಸಂಜೀಕ ಬಂದ್ರ, ಕೂಸಿಗಿಂತ ಮೊದಲ ಅತ್ತೀನ ಸಮಾಧಾನ ಮಾಡಬೇಕಾತು," ಎಂದಳು ಕರೆವ್ವ.

ಹೀಗೆ ಮಾತು ಒಬ್ಬರಿಂದ ಒಬ್ಬರಿಗೆ ಹರಿಯುತ್ತ ನೀಲಾಳ ಹತ್ತಿರ ಬಂತು. ಅವಳು ಬಳೆ ತಿರುಗಿಸುತ್ತ ಹೇಳತೊಡಗಿದಳು.

"ನನ್ನ ಮಗಳನ್ನ ನಮ್ಮವ್ವ ನೋಡಕೋತಿದ್ಲು. ಮಧ್ಯಾಹ್ನ ಏನ ಮಾಡಿದ್ರೂ ಮಲಗತಿದ್ದಿಲ್ಲಂತ. ಕಡೀಕ ನಾ ಮುಂಜಾನೆ ಬಿಚ್ಚಿಟ್ಟ ನೈಟಿ ಹೊದಿಸಿದ್ಲು. ಅದನ್ನ ಮುಖಕ್ಕ ಒತ್ತಿಕೊಂಡು, ನನ್ನ ವಾಸನಿಗೆ ಮಲಗಿಬಿಟ್ಲಂತ..."

ಅಷ್ಟಕ್ಕೇ ನಿಲ್ಲಿಸಿದಳು. ಆಮೇಲೆ ಅವಳೇ ಮೆಲ್ಲಗೆ, "ಕಿತ್ತೂರಾಗ ಬಿಳಿ ಬಟ್ಟಿ ಕಟ್ಟಿದಾಗಿಂದ ಮಧ್ಯಾಹ್ನ ಒಂದೂ ಕೂಸು ನೆಟ್ಟಗ ಮಲಗೂದಿಲ್ರಿ. ಸೆಕಿಗೆ ಅಂತ ತಿಳಕೊಂಡಿದ್ದೆ," ಎಂದಳು.

ಎಲ್ಲರ ಕಣ್ಣೂ ಸತ್ಯವ್ವನ ಕಡೆ ತಿರುಗಿದವು. ಈಗ ಚುಚ್ಚಿ ಮಾತಾಡುತ್ತಾಳೆಂದು ಮಾಲಾಗೆ ಅಂಜಿಕೆಯಾಯಿತು.

"ಗುಳ್ಳಿ ಎದ್ದಿದ್ದು ಸೀರಿಯಿಂದನ," ಎಂದಳು ಸತ್ಯವ್ವ. "ಹತ್ತಿಗೆ ಕೀಡಿ ಸಾಯೂ ಎಣ್ಣಿ ಹೊಡದ ಹೊಲದಾಗ ಉಟ್ಟ ಸೀರಿನ ಹಂಗ ತಂದು ಕಟ್ಟಿದ್ವಿ. ವಾಸನಿ ನನಗೂ ಬಡದಿತ್ತು. ಕೂಸು ಮಲಗೇತಲ್ಲ ಅಂತ ಸುಮ್ಮನಿದ್ದೆ."

"ಮತ್ತ ಬಿಚ್ಚಿಸಿದ್ರ ಸಿಟ್ಟ್ಯಾಕ ನಿನಗ?" ಕರೆವ್ವ ಕೇಳಿದಳು.

"ಬಿಚ್ಚಿಸಿದ್ದಕ್ಕಲ್ಲ, ತಾಯಂದಿರ ಮುಂದ ಬಿಚ್ಚಿಸಿದ್ದಕ್ಕ. ನಿಮ್ಮ ಮೈ ಹೊಲಸು ಅಂದಂಗ ಆತು ಅವರಿಗೆ. ಒಬ್ಬಾಕಿ ತನ್ನ ಸೀರಿ ಎತ್ತಿಕೊಂಡು ಗ್ವಾಡಿ ಕಡೆ ಮುಖ ಮಾಡಿ ನಿಂತ್ಲು. ಅವರ ಮುಂದ ನಾ ಇನ್ನ ಹೆಂಗ ನಿಂದರಲಿ?"

ನೀಲಾ ತಲೆ ತಗ್ಗಿಸಿದಳು. "ಅದು ನನ್ನ ತಪ್ಪು ಸತ್ಯಕ್ಕ. ನಾನ ಬಂದು ಅವರಿಗೆ ಹೇಳತೇನಿ."

ಮಾಲಾಗೆ ನಡುವೆ ಒಂದು ಮಾತು ಹೇಳಬೇಕೆನಿಸಿತು. ಅದನ್ನು ತಡೆದುಕೊಂಡು ಲೋಟಗಳಿಗೆ ಚಹಾ ಬಗ್ಗಿಸತೊಡಗಿದಳು. ಒಳ್ಳೆಯದೇ ಆಯಿತು. ನೀಲಾ ಮುಂದುವರಿಸಿದಳು: "ಹೊಲಕ್ಕ ಉಟ್ಟದ್ದು ಬ್ಯಾಡ. ಬ್ಯಾರೆ ಸೀರಿ ಬಿಸಿನೀರಾಗ ಒಗದು, ಒಣಗಿಸಿ, ರಾತ್ರಿ ಹೊದ್ದು ಮಲಗಿ ಮುಂಜಾನೆ ತಂದು ಕೊಟ್ರ?"

"ಕೂಸನ್ನೂ ಅದರಾಗ ಸುತ್ತಿಕೊಂಡು ಮಲಗಲಿ," ಎಂದಳು ಸತ್ಯವ್ವ. "ಒಂದು ಸೀರಿ ಒಗ್ಯಾಕ ಹ್ವಾದಾಗ ಕಟ್ಟಾಕ ಇನ್ನೊಂದು ಬೇಕು."

"ಬಿಸಿನೀರಿಗೆ ಕಟಗಿ ಎಲ್ಲಿಂದ ತರ್ತಾರ?" ಎಂದು ರಾಮದುರ್ಗದ ಸೀತವ್ವ ತಕರಾರು ತೆಗೆದಳು. ಕಟ್ಟಿಗೆ ಇಲ್ಲದವರ ಸೀರೆಯನ್ನು ಕೇಂದ್ರದಲ್ಲೇ ಒಗೆಯಬೇಕೆಂದಾಯಿತು. ಯಾರು ಒಗೆಯಬೇಕೆಂಬುದಕ್ಕೆ ಮತ್ತೆ ಗಲಾಟೆ. ಚಹಾ ಆರಿಹೋಯಿತು.

"ಈಗ ಬರಕೋರಿ ಮಾಲಕ್ಕಾರ," ಎಂದಳು ಕರೆವ್ವ. "ಕೂಸಿಗೆ ಸುಖದ ನಿದ್ದಿ ಬರಬೇಕು. ಹೊಲದಾಗಿನ ತಾಯಿಗೆ ಜೀವ ಹೊಯ್ದಾಡಬಾರದು. ಅದಕ್ಕ ಅದೀವಿ ನಾವು."

ಮಾಲಾ ಬರೆದುಕೊಂಡಳು. ಯಾರೂ ಬೇಡವೆನ್ನಲಿಲ್ಲ.

ಸಂಜೆ ಒಬ್ಬೊಬ್ಬರೇ ಹೊರಟರು. ನೀಲಾ ಇನ್ನೂ ಚೀಲ ತುಂಬಿಕೊಳ್ಳುತ್ತಿದ್ದಳು. ಸತ್ಯವ್ವ ಚಪ್ಪಲಿ ಮೆಟ್ಟಿ ಬಾಗಿಲಲ್ಲೇ ನಿಂತಳು. ಕೆಲಸ ಬಿಡುವ ಮಾತು ಈಗ ಬರುತ್ತದೆಂದು ಮಾಲಾ ಲೋಟ ತೊಳೆಯುವುದನ್ನು ನಿಲ್ಲಿಸಿದಳು.

"ದುರ್ಗಪ್ಪ ಅಂತ ಅದಾನ್ರಿ ನಮ್ಮಲ್ಲಿ. ಹೇಣ್ತಿ ಬಾಣಂತನದಾಗ ಹೋದ್ಲು. ಅವನ ಕೂಸಿಗೆ ಯಾರ ಸೀರಿ ಕಟ್ಟೂದು?"

ಚೀಲಕ್ಕೆ ಕೈಹಾಕಿದ್ದ ನೀಲಾ ತಲೆಯೆತ್ತಿದಳು. "ರಾತ್ರಿ ಯಾರ ಮಗ್ಗಲದಾಗ ಮಲಗತೈತಿ?"

"ಅವರಪ್ಪನ ಮಗ್ಗಲದಾಗ."

"ಹಂಗಾದ್ರ ಅವನ ಧೋತರಾನ ಕಟ್ರಿ."

ಸತ್ಯವ್ವ ಅದನ್ನು ಮನಸ್ಸಿನಲ್ಲೇ ಅಳೆದು ನೋಡಿದಳು. ದಿನವಿಡೀ ಗಂಟಿಕ್ಕಿದ್ದ ಮುಖ ಸಡಿಲವಾಯಿತು.

"ಹಂಗ ಒಮ್ಮಿಗೇ ಕೇಳಿದ್ರ ನಾಚತಾನ್ರಿ ಅಂವ. ಸೋಮವಾರ ಕೂಸು ಬಿಡಾಕ ಬಂದಾಗ ನಾನ ಬಾಜೂಕ ಕರದು ಹೇಳತೇನಿ," ಎಂದು ಮನೋಳಿಯ ಬಸ್ಸಿಗೆ ಹೊರಟಳು.