ಗಿಡ್ಡ ಮಂಚ

"ಯಾರು ಕೊಯ್ದಿದ್ದು ಇದನ್ನ? ಕೈಗೇನು ತುರಿಕೆ ಹತ್ತಿತ್ತಾ? ಹೊಸಾ ಮಂಚ ಕಣ್ರೀ ಇದು!"

ಮಗ ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತು ಕೂಗಾಡುತ್ತಿದ್ದ. ನಾಲ್ಕೂ ಕಾಲುಗಳು ಗೇಣುದ್ದ ಗಿಡ್ಡವಾಗಿದ್ದವು. ಕೊಯ್ದ ತುಂಡುಗಳು ಗೋಡೆಯ ಬುಡದಲ್ಲಿ ಸಾಲಾಗಿ ನಿಂತಿದ್ದವು. ಅವನ ತಾಯಿ, ಈ ಮನೆಯ ಅಜ್ಜಿ, ಬಿದ್ದು ಆಸ್ಪತ್ರೆ ಸೇರಿದಾಗಿನಿಂದ ಅವನದು ಒಂದೇ ಹಟ: ಒಬ್ಬಳೇ ಇದ್ದದ್ದು ಸಾಕು, ನನ್ನ ಮನೆಗೆ ಬಾ. ಇವತ್ತು ಕರೆದುಕೊಂಡು ಹೋಗಲೆಂದೇ ಲಾರಿಯನ್ನು ಬೀದಿಯ ತಿರುವಿನಲ್ಲಿ ನಿಲ್ಲಿಸಿ ಬಂದಿದ್ದ.

"ನನ್ನ ಯಾಕೆ ನುಂಗೋ ಹಾಗೆ ನೋಡ್ತೀರಿ?" ಎಂದಳು ಡ್ರಿಲ್ಲಮ್ಮ. ಬಿದ್ದವರಿಗೆ ಮನೆಯಲ್ಲೇ ಮತ್ತೆ ನಡೆಯುವುದನ್ನು ಕಲಿಸಲು ಆಸ್ಪತ್ರೆಯವರು ಕಳಿಸುತ್ತಿದ್ದ ಹೆಂಗಸು ಅವಳು. ಡ್ರಿಲ್ ಮೇಷ್ಟ್ರಂಥ ಅವಳ ಗಂಟಲು ಕೇಳಿ ಅಜ್ಜಿಯೇ ಇಟ್ಟ ಹೆಸರದು. "ಗರಗಸ ಹಿಡಿದದ್ದು ನಿಮ್ಮಮ್ಮ. ಮಂಚ ಅಲ್ಲಾಡಬಾರದು ಅಂತ ನಾನು ಮೇಲೆ ಕೂತಿದ್ದೆ, ಅಷ್ಟೆ."

"ಹೌದು ಕಣೋ, ನಾನೇ ಕೊಯ್ದೆ," ಎಂದಳು ಅಜ್ಜಿ. ಅವಳ ತೊಡೆಯ ಮೇಲೆ ಸೈಕಲ್ ಚಕ್ರವಿತ್ತು. ಗಂಡ ಸತ್ತ ಮೇಲೆ ಇದೇ ಮನೆಯ ಮುಂದಿನ ಕೋಣೆಯಲ್ಲಿ ಸೈಕಲ್ ರಿಪೇರಿ ಮಾಡಿ ಮಗನನ್ನು ಬೆಳೆಸಿದವಳು. ಬೀದಿಗೆಲ್ಲ ಪಂಕ್ಚರಜ್ಜಿ.

"ನೀನು ಸುಖವಾಗಿ ಮಲಗಲಿ ಅಂತ ತಂದಿದ್ದೆ, ಅಮ್ಮ."

"ಮಲಗೋಕೆ ಸುಖವೇ. ಕೂತರೆ ಮಾತ್ರ ಕಾಲು ನೆಲ ಮುಟ್ತಿರಲಿಲ್ಲ. ಅವತ್ತು ಇಳಿಯೋಕೆ ಹೋದೆ, ನೆಲ ಸಿಗಲಿಲ್ಲ."

ಮಗ ತಟ್ಟನೆ ತಲೆಯೆತ್ತಿದ. "ಚಾಪೆ ಜಾರಿತು ಅಂದಿದ್ದೆ?"

"ಇನ್ನೇನು ಹೇಳಲಿ? ಮಗ ತಂದ ಮಂಚ ಅಂತ ಬೀದಿಯವರನ್ನೆಲ್ಲ ಕರೆದು ತೋರಿಸಿ ಮೆರೆದಿದ್ದೆ."

ಅವನು ಸಿಟ್ಟನ್ನು ಎಲ್ಲಿಡಬೇಕೋ ತಿಳಿಯದೆ ಎದ್ದು ಹೋಗಿ ಬಚ್ಚಲಿನ ಗೋಡೆಗೆ ಹೊಸದಾಗಿ ಹಾಕಿದ ಹಿಡಿಕೆಯನ್ನು ಜಗ್ಗಿದ. ಅಲುಗಲಿಲ್ಲ. ಅದರ ತುಂಬ ಕರೀ ರಬ್ಬರು ಸುತ್ತಿತ್ತು.

"ಒದ್ದೆ ಕೈಗೆ ಸ್ಟೀಲು ಜಾರುತ್ತೆ," ಎಂದು ಅಜ್ಜಿ ಕೂತಲ್ಲಿಂದಲೇ ಕೂಗಿದಳು. "ಹಳೇ ಟ್ಯೂಬು ಸುತ್ತಿದೀನಿ. ಬ್ರೇಕು, ಬೆಲ್ಲು ಎರಡೇ ಬಾಕಿ."

"ತಮಾಷೆ ಸಾಕು. ಮತ್ತೆ ಬಿದ್ದರೆ? ಅವತ್ತು ಮಧ್ಯಾಹ್ನದ ತನಕ ನೆಲದ ಮೇಲೇ ಬಿದ್ದಿದ್ದೆ, ನಾಯಿಗೂ ಗೊತ್ತಾಗಲಿಲ್ಲ. ಬಟ್ಟೆ ಕಟ್ಟು, ಹೊರಡು."

ಅಜ್ಜಿ ಚಕ್ರವನ್ನು ಪಕ್ಕಕ್ಕಿಟ್ಟಳು. ಕೋಣೆಯ ನಡುವೆ ಬಂದು, ಕುರ್ಚಿ ಹಿಡಿದು ಮೆಲ್ಲಗೆ ನೆಲಕ್ಕಿಳಿದಳು. ಕುರ್ಚಿಯನ್ನು ದೂರ ತಳ್ಳಿ ಅಂಗಾತ ಮಲಗಿದಳು.

"ಬಿದ್ದೆ ಅಂದುಕೋ."

ಮಗ ಧಾವಿಸಿದ. ಡ್ರಿಲ್ಲಮ್ಮ ಅಡ್ಡ ನಿಂತಳು. "ಮುಟ್ಟಿದ್ರೆ ನೋಡಿ ಮತ್ತೆ!"

"ನಿಂದೇನು ಕಲ್ಲೆದೆಯಾ? ಎತ್ತು ಅವಳನ್ನ!"

"ಎತ್ತಲ್ಲ. ಎತ್ತೋದಾದ್ರೆ ನಾನ್ಯಾಕೆ, ಕ್ರೇನು ತರಿಸಿ."

ಅಜ್ಜಿ ಪಕ್ಕಕ್ಕೆ ಹೊರಳಿದಳು. ಮೊಣಕೈ ಊರಿದಳು. ಮಗುವಿನಂತೆ ಅಂಬೆಗಾಲಿಟ್ಟು ಕುರ್ಚಿಯ ತನಕ ಹೋದಳು. ಎರಡೂ ಅಂಗೈಗಳನ್ನು ಅದರ ಮೇಲೊತ್ತಿ, ಗಟ್ಟಿಯಿದ್ದ ಕಾಲನ್ನು ಮುಂದಿಟ್ಟಳು. ಮೊಣಕಾಲು ನಡುಗಿ ಮತ್ತೆ ನೆಲಕ್ಕೆ ಬಡಿಯಿತು. ಮಗ ಮುಖ ತಿರುಗಿಸಿದ. ಡ್ರಿಲ್ಲಮ್ಮನ ತುಟಿ ಅಲುಗುತ್ತಿತ್ತು, ಕೈಗಳು ಮಾತ್ರ ಬೆನ್ನ ಹಿಂದೆ ಒಂದನ್ನೊಂದು ಬಿಗಿಯಾಗಿ ಹಿಡಿದಿದ್ದವು. ಅಜ್ಜಿ ಸ್ವಲ್ಪ ಸುಧಾರಿಸಿಕೊಂಡು, ಹಲ್ಲು ಕಚ್ಚಿ, ಮತ್ತೊಮ್ಮೆ ಒತ್ತಿದಳು. ಎದ್ದಳು. ಬೆನ್ನು ನೇರ ಮಾಡಿ, ಸೆರಗು ಸರಿಪಡಿಸಿಕೊಂಡು ಮಗನನ್ನು ನೋಡಿದಳು.

"ಈಗ ಹೇಳು. ಯಾರ ಬಟ್ಟೆ ಕಟ್ಟಬೇಕು?"

ಮಗ ಟವೆಲಿನಲ್ಲಿ ಕಣ್ಣೊರೆಸಿಕೊಂಡ. "ಹುಟ್ಟಿದಾಗಿಂದ ನೀನು ಹೀಗೇನಾ?"

"ನನ್ನೇನು ಕೇಳ್ತೀಯ, ನಿನ್ನ ಮೂಗಿನ ತುದಿ ನೋಡ್ಕೋ. ಸಿಟ್ಟು ಅಲ್ಲೇ ಕೂತಿದೆ."

ಡ್ರಿಲ್ಲಮ್ಮ ಚೀಲ ಹೆಗಲಿಗೇರಿಸಿದಳು. "ನಾನು ಹೊರಟೆ ಅಜ್ಜಿ."

"ನಾಳೆ ಬೇಗ ಬಾ."

"ನಾಳೆ ಯಾಕೆ? ಇಲ್ಲಿ ನನಗಿನ್ನೇನು ಕೆಲಸ?"

"ಹೋಗು ಹೋಗು. ನನ್ನ ಕಿವಿಗೂ ಬಿಡುವಾಗಲಿ," ಎಂದಳು ಅಜ್ಜಿ. ಆದರೂ ಗೋಡೆ ಹಿಡಿಯದೆ ಹೊಸ್ತಿಲ ತನಕ ನಡೆದು ಬಂದಳು. ಡ್ರಿಲ್ಲಮ್ಮ ಬೀದಿಗಿಳಿದು, ಹಿಂತಿರುಗದೆ, ಲಾರಿಯನ್ನು ಬಳಸಿ ತಿರುವಿನಲ್ಲಿ ಮರೆಯಾದಳು. ಆ ಮನೆಗೆ ಅವಳು ಮತ್ತೆ ಬರಲಿಲ್ಲ.

ಗಾಳಿಗೆ ಬಾಗಿಲು ತೂಗಿತು. ಮಗ ಮಂಚದ ಕಾಲಿನ ಒಂದು ತುಂಡನ್ನು ತಂದು, ಅಮ್ಮನಿಗೆ ತಾಗದ ಹಾಗೆ ಬಾಗಿಲಿಗೆ ಒತ್ತಾಗಿ ಇಟ್ಟ.