ಮೇಲಿನ ನಿಂಬೆಗಿಡ

“ಚೆಲ್ಲಬೇಡ ಫ್ರೇಹಾ, ಕೆಟಲ್ ಇಲ್ಲಿ ಕೊಡು!”

ಜೊಹಾರಾ ಕೂಗುವಷ್ಟರಲ್ಲಿ ನಾದಿನಿ ಬಿಸಿನೀರನ್ನೆಲ್ಲ ಸಿಂಕಿಗೆ ಸುರಿದಾಗಿತ್ತು.

“ಸಾವಾದ ಮನೇಲಿ ತುಂಬಿಟ್ಟ ನೀರು ಇರಬಾರದು ಅತ್ತಿಗೆ. ಹಿಂದೆ ಮರಾಕೇಶಲ್ಲಿದ್ದಾಗ ಅಮ್ಮ ಅಕ್ಕಪಕ್ಕದೋರ ಕೊಡಾನೂ ಬಗ್ಗಿಸ್ತಿದ್ಲು.”

“ಅದು ಹನಿನೀರಿನ ಪೈಪಿಗೆ ಕಾಯಿಸಿದ್ದು. ತುದಿ ಮೆತ್ತಗಾಗದೆ ಜೋಡಿಸೋಕಾಗಲ್ಲ.”

“ಗಂಡನ್ನ ಇನ್ನೂ ಮಣ್ಣಿಗಿಟ್ಟಿಲ್ಲ, ನಿಂಗೆ ಪೈಪಿನ ಚಿಂತೆ!” ಫ್ರೇಹಾ ಒಲೆಗೆ ಬೆನ್ನು ಕೊಟ್ಟು ಕುಳಿತಳು. “ಇವತ್ತು ಇದನ್ನ ಹಚ್ಚೋಕೆ ಬಿಡಲ್ಲ.”

ಆ ಬೆಳಿಗ್ಗೆ ಜೊಹಾರಾಳ ಗಂಡ ಮಖ್ಲೂಫ್ ಬಕೆಟ್ ಹೊತ್ತು ಇಳಿಜಾರಿನ ತುದಿಯ ನಿಂಬೆಗಿಡದವರೆಗೆ ಹೋಗಿ ಅಲ್ಲೇ ಕುಸಿದಿದ್ದ. ಹಳೆಯ ರಬ್ಬರ್ ಪೈಪು ಅಷ್ಟು ದೂರ ಎಟುಕುತ್ತಿರಲಿಲ್ಲ. ಮಗ ಹೈಫಾದಿಂದ ಬಂದೊಡನೆ ಮಣ್ಣು ಮಾಡುವುದು; ಅಲ್ಲಿಂದ ಏಳು ದಿನ, ಯೆಹೂದಿ ಸೂತಕದಂತೆ, ಜೊಹಾರಾ ನೆಲದ ಹಾಸಿಗೆ ಬಿಟ್ಟು ಏಳುವಂತಿಲ್ಲ, ಕೆಲಸ ಮುಟ್ಟುವಂತಿಲ್ಲ. ಮರುಭೂಮಿಯ ಬಿಸಿಗಾಳಿ ಆಗಲೇ ಎದ್ದಿತ್ತು.

“ನೆರೆಯೋರು ನೀರು ಹಾಕ್ತಾರೆ,” ಎಂದ ಬಾಗಿಲಲ್ಲಿ ನಿಂತಿದ್ದ ಮೈದುನ ನಿಸೀಮ್.

“ಬಕೆಟ್ ಹೊತ್ತಾ? ಆ ಗಿಡಕ್ಕೆ ಇನ್ನು ಯಾರೂ ಬಕೆಟ್ ಹೊರಬಾರದು.”

ಮೇಜಿನ ಮೇಲೆ ಎರಡು ಚೀಲಗಳಿದ್ದವು. ಒಂದರಲ್ಲಿ ಪೈಪಿಗೆ ಚುಚ್ಚಿ ನೀರು ಹನಿಸುವ ಅಗ್ಗದ ಕಪ್ಪು ಡ್ರಿಪ್ಪರ್, ಇನ್ನೊಂದರಲ್ಲಿ ಕೆಂಪು. ಯಾವುದೆಂದು ಮಖ್ಲೂಫ್ ತೀರ್ಮಾನಿಸಿರಲಿಲ್ಲ.

“ಕಪ್ಪುದೇ ಹಾಕು,” ಎಂದ ನಿಸೀಮ್. “ನೀರು ನೀರೇ.”

*

ಹೋದ ವಾರ ಅಂಗಡಿಯವನು ತಲೆ ಚಚ್ಚಿಕೊಂಡಿದ್ದ. “ಮಖ್ಲೂಫ್, ಕಿಬ್ಬುತ್ಸಿನ ಕೂಡುಬೇಸಾಯದೋರು ಇಡೀ ಹೊಲಕ್ಕೆ ಆರಿಸೋಕೂ ಇಷ್ಟು ಹೊತ್ತು ನಿಲ್ಲಲ್ಲ! ಫಿಲ್ಟರ್ ತಗೊಂಡೆ, ಟೈಮರ್ ತಗೊಂಡೆ. ಇನ್ನೇನು?”

“ಕಪ್ಪುದು ಹಾಕಿದ್ರೆ ಮೇಲಿನ ಗಿಡಕ್ಕೆ?”

“ಸ್ವಲ್ಪ ಕಮ್ಮಿ. ಕೆಳಗಿಂದಕ್ಕೆ ಜಾಸ್ತಿ. ಕೆಂಪುದಾದ್ರೆ ಎಲ್ಲಾದಕ್ಕೂ ಒಂದೇ ಸಮ.”

ಮಖ್ಲೂಫ್ ಎರಡನ್ನೂ ಅಂಗೈಲಿಟ್ಟು ಹೊರಳಿಸಿದ. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವನು, ಮನೆಗೊಂದು ಪರದೆಯ ಬಣ್ಣವನ್ನೂ ಆರಿಸಿದವನಲ್ಲ.

“ಮದುವೆಗಾದ್ರೂ ಹೂಂ ಅಂದಿದ್ದು ನೀನೇನಾ, ನಿಮ್ಮಪ್ಪಾನಾ?” ಎಂದು ಪಕ್ಕದಲ್ಲಿದ್ದ ಜೊಹಾರಾ ಚುಚ್ಚಿದ್ದಳು. ಅವನು ನಕ್ಕು ಎರಡನ್ನೂ ಕಟ್ಟಿಸಿದ್ದ.

*

ಜೊಹಾರಾ ಕೆಂಪು ಚೀಲವನ್ನು ಮಡಿಲಿಗೆ ಸುರಿದುಕೊಂಡಳು. ಪೈಪಿನ ತುದಿಯನ್ನು ಕಂಕುಳಲ್ಲಿ ಒತ್ತಿಹಿಡಿದಳು, ಉಜ್ಜಿದಳು. ಅದು ಮೆತ್ತಗಾಗಲಿಲ್ಲ. ಆಮೇಲೆ ಅವಳ ಕಣ್ಣು ನಿಸೀಮನ ಚಹಾದ ಫ್ಲಾಸ್ಕಿನ ಮೇಲೆ ಬಿತ್ತು.

“ಬಿಸಿ ಇದೆಯಾ?”

“ಇದೆ, ಗುಂಡಿ ತೋಡೋರಿಗೆ ಅಂತ... ಅತ್ತಿಗೆ, ಬೇಡ! ಸಕ್ಕರೆ ಹಾಕಿದೀನಿ!”

ಪುದೀನ ಚಹಾದಲ್ಲಿ ಪೈಪು ಮೆತ್ತಗಾಯಿತು. ಗೊಣಗುತ್ತಲೇ ನಿಸೀಮ್ ಮಂಡಿಯೂರಿದ. ಇಬ್ಬರೂ ಪೈಪು ಎಳೆದು ಇಳಿಜಾರು ಹತ್ತುತ್ತ ಗಿಡದ ಬುಡಬುಡಕ್ಕೂ ಒಂದೊಂದು ಡ್ರಿಪ್ಪರ್ ಚುಚ್ಚಿದರು. ಕೊನೆಯದನ್ನು ನಿಂಬೆಯ ಬುಡಕ್ಕಿಡುವಾಗ ಮಗನ ಕಾರು ಬಂತು. ನೀರು ಬಿಟ್ಟು ನೋಡಲು ಹೊತ್ತಿರಲಿಲ್ಲ.

*

ಸ್ಮಶಾನದಲ್ಲಿ ನಿಸೀಮ್ ಮಣ್ಣೆಳೆದು, ಪದ್ಧತಿಯಂತೆ ಸಲಿಕೆಯನ್ನು ಕೈಯಿಂದ ಕೈಗೆ ಕೊಡದೆ ನೆಲಕ್ಕೆ ಚುಚ್ಚಿದ. ಅದನ್ನು ಕಿತ್ತು ಎತ್ತಿಕೊಂಡವಳು ಸೇನೆಯ ಸಮವಸ್ತ್ರದ ಹುಡುಗಿ, ಹಿಂದೆ ಮಖ್ಲೂಫನ ಬಸ್ಸಿನಲ್ಲಿ ಶಾಲೆಗೆ ಹೋಗುತ್ತಿದ್ದವಳು.

“ನಮ್ಮನೆ ಕಟ್ಟಕಡೇದು ಆಂಟಿ,” ಎಂದಳು ಜೊಹಾರಾಗೆ. “ತಡ ಆಗತ್ತೆ ಅಂತ ಎಲ್ಲಾ ಬೈತಿದ್ರು. ಆದ್ರೂ ನಾನು ಕೂತ ಮೇಲೇ ಬಸ್ಸು ಹೊರಡ್ತಿತ್ತು.”

*

ಸೂತಕಕ್ಕೆಂದು ಹರಿದ ಕೊರಳಪಟ್ಟಿಯಲ್ಲಿ ಜೊಹಾರಾ ನೆಲದ ಹಾಸಿಗೆಯ ಮೇಲೆ ಕುಳಿತಳು. ಮಣ್ಣು ಮಾಡಿ ಬಂದವರ ಮೊದಲ ಊಟವೆಂದು ಕೈಗೆ ಬೇಯಿಸಿದ ಮೊಟ್ಟೆ ಕೊಟ್ಟರು. ಅಂಗಳದ ನಲ್ಲಿಯಲ್ಲಿ ಟೈಮರ್ ಟಕ್ ಎಂದಿತು. ತಾನು ಬಸ್ಸು ನಿಲ್ಲಿಸಿ ಮನೆಗೆ ಬರುತ್ತಿದ್ದ ಹೊತ್ತಿಗೆ ಅದು ನೀರು ಬಿಡುವಂತೆ ಮಖ್ಲೂಫೇ ತಿರುಗಿಸಿಟ್ಟಿದ್ದ.

ಅವಳು ಏಳಹೋದಳು. ಫ್ರೇಹಾ ಭುಜ ಒತ್ತಿ ಕೂರಿಸಿದಳು.

“ಹಾಗಾದ್ರೆ ನೀನೇ ಹೋಗಿ ನೋಡು. ಮೇಲಿನದು.”

ಫ್ರೇಹಾ ಬೈದುಕೊಳ್ಳುತ್ತ, ಲಂಗ ಎತ್ತಿಹಿಡಿದು ಇಳಿಜಾರು ಹತ್ತಿದಳು. ತೆರೆದ ಬಾಗಿಲಿನಿಂದ ಜೊಹಾರಾಗೆ ಕಂಡದ್ದು ನಿಂಬೆಗಿಡ, ಬೆಳಿಗ್ಗೆ ಉರುಳಿದ್ದಲ್ಲೇ ಉಳಿದ ಬಕೆಟ್. ಫ್ರೇಹಾ ಬಗ್ಗಿದಳು, ಬಹಳ ಹೊತ್ತು ಹಾಗೇ ಇದ್ದಳು. ಅವಳು ಪಕ್ಕಕ್ಕೆ ಸರಿದಾಗ ಗಿಡದ ಬುಡದ ಒಣಮಣ್ಣಿನಲ್ಲಿ ಕಪ್ಪಗೆ ಒಂದು ಒದ್ದೆ ಮೂಡಿತ್ತು. ಮೆಲ್ಲಗೆ ಹರಡುತ್ತ ಅದು ಬಕೆಟ್ಟಿನ ಅಂಚು ಮುಟ್ಟಿತು.