ಸರಿದು ಕೂತ ಹೆಸರುಗಳು

ಐದನೆಯ ಹಾಡು ಶುರುವಾಗಬೇಕಾದ ಜಾಗದಲ್ಲಿ ನಾಲ್ಕನೆಯ ಹಾಡೇ ಮುಂದುವರಿಯಿತು.

ಅವಳು ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿ ಹಿಡಿದು ಮತ್ತೊಮ್ಮೆ ಕೇಳಿದಳು. ಸಂಶಯವೇ ಇರಲಿಲ್ಲ. ‘ಹೊಳೆಯಾಚೆ ದೀಪ’ದ ಗಾಯಕಿ ಎರಡನೆಯ ಚರಣ ಮುಗಿಸುತ್ತಾಳೆ, ವಾದ್ಯಗಳೆಲ್ಲ ನಿಲ್ಲುತ್ತವೆ, ದೀರ್ಘವಾಗಿ ಒಂದು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಏನೂ ಕೇಳಿಸುವುದಿಲ್ಲ. ಹಾಡಿನಲ್ಲಿ ಅದೇ ಚೆಂದ. ಕಂಪ್ಯೂಟರಿಗೆ ಆ ಚೆಂದ ಎಲ್ಲಿ ಗೊತ್ತಾಗಬೇಕು? ಸದ್ದಡಗಿದ್ದೇ ಹಾಡು ಮುಗಿಯಿತೆಂದು ಅಲ್ಲಿಗೇ ಕತ್ತರಿಸಿ, ಉಳಿದರ್ಧವನ್ನು ಬೇರೆ ಹಾಡೆಂದು ಎಣಿಸಿಬಿಟ್ಟಿತ್ತು. ಅವಳಾದರೋ ಕ್ಯಾಸೆಟ್ಟಿನ ಕವರು ನೋಡಿಕೊಂಡು ಹೆಸರುಗಳನ್ನು ಮೇಲಿನಿಂದ ಕೆಳಕ್ಕೆ ಒಂದೇ ಸಮನೆ ತುಂಬಿಸಿದ್ದಳು. ಐದನೆಯದರಿಂದಾಚೆ ಒಂದು ಹೆಸರೂ ತನ್ನ ಹಾಡಿನ ಮೇಲಿರಲಿಲ್ಲ. ಕೊನೆಯದಕ್ಕೆ ಹೆಸರೇ ಇರಲಿಲ್ಲ.

ಆ ಸೀಡಿ ಈಗ ಗಂಡ ಓಡಿಸುವ ಕಾರಿನಲ್ಲಿ ಹಾಡುತ್ತಿತ್ತು.

ಸ್ಟುಡಿಯೋಕ್ಕೆ ಬರುವವರೆಲ್ಲ ಅವಳನ್ನು ಸೀಡಿ ಅಕ್ಕ ಎಂದೇ ಕರೆಯುತ್ತಿದ್ದರು. ಮುಂದಿನ ಕೋಣೆಯಲ್ಲಿ ಮಾಲೀಕರು ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಿದ್ದರು. ಹಿಂದಿನ ಕೋಣೆಯಲ್ಲಿ ಇವಳು ಜನರ ಹಳೆಯ ಕ್ಯಾಸೆಟ್ಟುಗಳನ್ನು ಸೀಡಿಗೆ ಇಳಿಸುತ್ತಿದ್ದಳು. ಹಾಡುಗಳನ್ನು ಸುಮ್ಮನೆ ಸೀಡಿಗೆ ತುಂಬಿದರೆ ಕಾರಿನ ಪ್ಲೇಯರು ‘ಟ್ರ್ಯಾಕ್ ಒಂದು, ಟ್ರ್ಯಾಕ್ ಎರಡು’ ಎಂದಷ್ಟೇ ತೋರಿಸುತ್ತದೆ. ಹಾಡಿನ ಹೆಸರು ಕಾಣಬೇಕಾದರೆ ಬರ್ನ್ ಮಾಡುವ ಮುಂಚೆಯೇ ಪ್ರತಿ ಹಾಡಿಗೂ ಹೆಸರು ಬರೆದು, ಹೆಸರನ್ನೂ ಸೇರಿಸು ಎಂಬ ಕಡೆ ಗುರುತು ಹಾಕಿ, ಇಡೀ ಸೀಡಿಯನ್ನು ಎಲ್ಲೂ ನಿಲ್ಲಿಸದೆ ಒಂದೇ ಉಸಿರಿಗೆ ಬರ್ನ್ ಮಾಡಬೇಕು. ಅದೂ ಇಂಗ್ಲಿಷ್ ಅಕ್ಷರಗಳಲ್ಲಿ. ಆ ಕಾರಿನ ಪ್ಲೇಯರಿಗೆ ಬೇರೆ ಅಕ್ಷರ ಬರುವುದಿಲ್ಲ. ಉದ್ದವಾದರೆ ಬಾಲ ಕತ್ತರಿಸುತ್ತದೆ. ಇಷ್ಟೆಲ್ಲ ತಾಪತ್ರಯ ಯಾರೂ ಕೇಳುವುದಿಲ್ಲ. ಅವಳು ಕಲಿತದ್ದು ಗಂಡನಿಗಾಗಿ.

ಗಂಡನ ಒಂದು ಕಿವಿ ಜ್ವರದಲ್ಲಿ ಹೋಗಿತ್ತು. ಇನ್ನೊಂದು, ಒದ್ದೆ ಕಂಬಳಿಯ ಆಚೆಯಿಂದ ಯಾರೋ ಮಾತಾಡಿದಷ್ಟು ಕೇಳುತ್ತಿತ್ತು. ಎದುರು ನಿಂತವರ ತುಟಿ ನೋಡಿ ಅವನು ಮಾತು ಹಿಡಿಯುತ್ತಿದ್ದ. ಮಿಷನ್ ಹಾಕಿಸಿಕೊಳ್ಳಿ ಎಂದು ಅವಳು ಗೋಗರೆದಾಗ, “ಕಿವಿಗೆ ಮಿಷನ್ ಸಿಗಿಸ್ಕೊಂಡವನ ಕೈಗೆ ಯಾರೇ ಕಾರ್ ಕೊಡ್ತಾರೆ?” ಎಂದಿದ್ದ. ಅವನು ಮೂರು ಕನ್ನಡಿಗಳನ್ನೂ ಸಾಲಾಗಿ ನೋಡುತ್ತ, ಬೇರೆಯವರಿಗಿಂತ ನಿಧಾನವಾಗಿ, ಬೇರೆಯವರಿಗಿಂತ ಜಾಗ್ರತೆಯಾಗಿ ಓಡಿಸುತ್ತಿದ್ದ. ಆದರೂ ಬೆಳಿಗ್ಗೆ ಅವನು ಶರಟಿನ ಗುಂಡಿ ಹಾಕಿಕೊಳ್ಳುವಾಗಿನಿಂದ ಸಂಜೆ ಚಪ್ಪಲಿ ಬಿಡುವ ತನಕ ಅವಳು ಫೋನನ್ನು ಕೈಯಳತೆಯಿಂದ ದೂರ ಇಡುತ್ತಿರಲಿಲ್ಲ.

ಅವನು ಓಡಿಸುತ್ತಿದ್ದುದು ಒಬ್ಬ ವಯಸ್ಸಾದ ಹೆಂಗಸಿನ ಕಾರನ್ನು. ಅಮ್ಮನವರಿಗೆ ಕಣ್ಣು ಮಂಜು. ಆದರೆ ಹಾಡು ಎಂದರೆ ಪ್ರಾಣ. ಹಿಂದಿನ ಸೀಟಿನಿಂದ, “ಇದು ಯಾವುದಪ್ಪಾ?” ಎಂದು ಕೇಳುತ್ತಿದ್ದರು. ಅವನು ಕನ್ನಡಿಯಲ್ಲಿ ಅವರ ತುಟಿ ಆಡಿದ್ದು ಕಂಡು, ಪ್ಲೇಯರಿನ ಪುಟ್ಟ ಹಸಿರು ಪಟ್ಟಿ ನೋಡಿ ಹೆಸರು ಹೇಳುತ್ತಿದ್ದ. ಹಾಡಿನ ಹೆಸರು ತಕ್ಷಣ ಹೇಳುವವನಿಗೆ ಕಿವಿ ಕೇಳುವುದಿಲ್ಲವೆಂದು ಯಾರು ತಾನೇ ಅಂದಾರು? ಅಮ್ಮನವರೇ ತಮ್ಮ ಕ್ಯಾಸೆಟ್ಟಿನ ಪೆಟ್ಟಿಗೆಯನ್ನು ಕಳಿಸಿ, “ನಿನ್ನ ಹೆಂಡ್ತಿ ಕೈಲಿ ಸೀಡಿ ಮಾಡಿಸಿಕೊಡು” ಎಂದಿದ್ದರು.

ತೊಂದರೆ ಬಂದದ್ದು ಅವರ ಮಗನಿಂದ. ಹೋದ ವಾರ ಮಗ ಗೇಟಿನ ಬಳಿ ನಿಂತು, “ನಿಲ್ಸು, ನಿಲ್ಸೋ” ಎಂದು ಬೀದಿಯೇ ತಿರುಗಿ ನೋಡುವಂತೆ ಕೂಗಿದರೂ ಕಾರು ಹೊರಟೇ ಹೋಗಿತ್ತು. ಆಮೇಲೆ ಮಗ ಬೇರೊಬ್ಬ ಡ್ರೈವರನ್ನು ನಾಳೆ ಬಂದು ಕಾಣಲು ಹೇಳಿದರು. ಇವತ್ತು ಕಣ್ಣಿನ ಆಸ್ಪತ್ರೆಗೆ ತಾಯಿಯ ಜೊತೆ ತಾವೂ ಹೊರಟರು. ಡ್ರೈವರಿನ ಪಕ್ಕದ ಸೀಟಿನಲ್ಲಿ ಕೂತು.

ಅವಳು ಫೋನು ಕೈಗೆತ್ತಿಕೊಂಡಳು. ಮತ್ತೆ ಇಟ್ಟಳು. ರಿಂಗಾದರೆ ಅವನಿಗೆ ಕೇಳಿಸದು, ಪಕ್ಕದವರಿಗೆ ಕೇಳಿಸುತ್ತದೆ.

“ಏನಮ್ಮಾ, ದೆವ್ವ ನೋಡಿದೋಳ ಥರ ಕೂತಿದೀಯ?” ಮಾಲೀಕರು ಪರದೆ ಸರಿಸಿ ಇಣುಕಿದರು. ದಿನವಿಡೀ ಗೊಣಗುವ ಅವರಿಗೆ ಅವಳು ಮನಸ್ಸಿನಲ್ಲೇ ಗೊಣಗಣ್ಣ ಎಂದು ಹೆಸರಿಟ್ಟಿದ್ದಳು.

“ಅಣ್ಣಾ, ಒಂದು ಸೀಡಿ ತಪ್ಪಾಗಿದೆ. ಬೇರೆ ಮಾಡಿ ಆಸ್ಪತ್ರೆ ಹತ್ರ ಕೊಟ್ಟು ಬರಬೇಕು. ಈಗ್ಲೇ.”

“ಸೀಡಿ ತಪ್ಪಾದ್ರೆ ಯಾರಾದ್ರೂ ಸಾಯ್ತಾರಾ?” ಎನ್ನುತ್ತಲೇ ಅವರು ಅವಳ ಮುಖ ನೋಡಿದರು. ಕಪಾಟು ತೆಗೆದು, ಮದುವೆ ಕೆಲಸಕ್ಕೆಂದು ಯಾರಿಗೂ ಮುಟ್ಟಗೊಡದ ಒಳ್ಳೆಯ ಸೀಡಿಯೊಂದನ್ನು ಅವಳ ಮುಂದಿಟ್ಟರು. “ಇದ್ರಲ್ಲಿ ಮಾಡು. ಆ ಸಸ್ತಾದ್ದು ಅರ್ಧಕ್ಕೆ ಕೈ ಕೊಡುತ್ತೆ. ಗಿರಾಕಿ ಬಂದ್ರೆ ನಾನು ನೋಡ್ಕೋತೀನಿ... ಎಲ್ಲಾ ನಾನೇ ನೋಡ್ಕೋಬೇಕು ಈ ಅಂಗಡೀಲಿ.”

ಅವಳು ತುಂಡಾದ ಹಾಡನ್ನು ಜೋಡಿಸಿ, ಹೆಸರುಗಳನ್ನು ಒಂದೊಂದೇ ಹಾಡು ಕೇಳಿ ಕೇಳಿ ಸರಿಪಡಿಸಿದಳು. ಯಂತ್ರ ಸೀಡಿಯನ್ನು ಒಳಗೆಳೆದುಕೊಂಡು ಗುಂಯ್‌ಗುಟ್ಟತೊಡಗಿತು. ಪರದೆಯ ಮೇಲಿನ ನೀಲಿ ಪಟ್ಟಿ ಇರುವೆಯ ಹಾಗೆ ಹರಿಯಿತು. ಅವಸರ ಮಾಡಿದರೆ ಹೆಸರು ನಿಲ್ಲುವುದಿಲ್ಲ, ಕಾಯಲೇಬೇಕು. ನಿನ್ನೆ ಕಾಯದೆ, ಬರ್ನ್ ಮಾಡಿದ ಸೀಡಿಯನ್ನು ಒಮ್ಮೆ ಪೂರ್ತಿ ಕೇಳದೆ ಕೊಟ್ಟದ್ದಕ್ಕೇ ಇದೆಲ್ಲ.

ಬಸ್ಸಿನಲ್ಲಿ ಕೂತವಳು ಕೂರಲಾಗದೆ ಎದ್ದು ಬಾಗಿಲ ಬಳಿ ನಿಂತಳು.

ಆಸ್ಪತ್ರೆಯ ಹಿಂದೆ ಕಾರುಗಳು ಸಾಲಾಗಿ ನಿಂತಿದ್ದವು. ಗಂಡ ಬಟ್ಟೆ ಹಿಡಿದು ಗಾಜು ಒರೆಸುತ್ತಿದ್ದ. ಅವಳು ಹಿಂದಿನಿಂದ ಹೋಗಲಿಲ್ಲ. ಸುತ್ತು ಬಳಸಿ ಎದುರಿಗೆ ಹೋಗಿ ನಿಂತಳು. ಅದು ಅವರಿಬ್ಬರ ರೂಢಿ.

“ರೀ, ಹೆಸರು ತಪ್ಪಿದೆ ಸೀಡೀಲಿ,” ಎಂದಳು, ತುಟಿಗಳನ್ನು ಬಿಡಿಸಿ ಬಿಡಿಸಿ. “ಒಂದೊಂದು ಹೆಸರೂ ಮುಂದಕ್ಕೆ ಸರಿದಿದೆ. ಬರೋವಾಗ ಏನಾದ್ರೂ ಕೇಳಿದ್ರಾ?”

ಅವನ ಕೈಯ ಬಟ್ಟೆ ಗಾಜಿನ ಮೇಲೆ ನಿಂತಿತು. “ಅಮ್ಮಾವ್ರು ಎರಡು ಸಲ ಕೇಳಿದ್ರು. ಬರೆದಿದ್ದನ್ನ ಹೇಳ್ದೆ. ಏನೂ ಅನ್ಲಿಲ್ಲ.”

“ಸಾಹೇಬ್ರು?”

“ಅವರೂ ಅನ್ಲಿಲ್ಲ. ಇಳಿಯೋವಾಗ ಕೀ ಈಸ್ಕೊಂಡ್ರು.”

ಕೀ ಈಸಿಕೊಂಡರು! ಇಷ್ಟು ವರ್ಷದಲ್ಲಿ ಯಾರೂ ಅವನ ಕೈಯಿಂದ ಕೀ ಈಸಿಕೊಂಡಿರಲಿಲ್ಲ. ಕೀ ಇಲ್ಲದೆ ಪ್ಲೇಯರಿನಿಂದ ಸೀಡಿ ಹೊರಗೆ ಬರುವಂತೆಯೂ ಇರಲಿಲ್ಲ. ಇಬ್ಬರೂ ಮುಚ್ಚಿದ ಗಾಜಿನಾಚೆಯ ಪ್ಲೇಯರಿನ ಆರಿದ ಪಟ್ಟಿಯನ್ನೇ ನೋಡುತ್ತ ನಿಂತರು.

ಅಷ್ಟರಲ್ಲಿ ತಾಯಿ ಮಗ ಬಂದರು. ಅಮ್ಮನವರ ಕಣ್ಣಿಗೆ ಔಷಧಿ ಬಿಟ್ಟು ಕಪ್ಪು ಕನ್ನಡಕ ಹಾಕಿಸಿದ್ದರು. ಮಗನ ತೋಳು ಹಿಡಿದು, ನೆಲ ತಡಕುವವರಂತೆ ಹೆಜ್ಜೆ ಇಡುತ್ತಿದ್ದರು.

“ಯಾರಿವರು?” ಮಗ ಕೇಳಿದರು.

“ಇವರ ಮನೆಯವಳು, ಸಾರ್. ಹೊಸ ಸೀಡಿ ಕೊಡೋಣ ಅಂತ...”

“ಒಂದು ಸೀಡಿ ಕೊಡೋಕೆ ಇಷ್ಟು ದೂರ ಬಂದ್ರಾ?” ಅವರ ದೃಷ್ಟಿ ಅವಳ ಮುಖದಿಂದ ಗಂಡನ ಮುಖಕ್ಕೆ ಹೋಗಿ ಅಲ್ಲೇ ಕೂತಿತು.

“ಅಯ್ಯೋ, ಹಾಡಿನ ಹುಡುಗಿ!” ಅಮ್ಮನವರು ದನಿ ಬಂದ ಕಡೆ ಕೈ ಚಾಚಿದರು. “ನನಗೆ ತಾನೇ ತಂದಿದ್ದು? ಕೊಡು, ಮನೇಲಿ ಕೇಳ್ತೀನಿ.” ಎಂದವರೇ ಸೀಡಿಯನ್ನು ತಮ್ಮ ಕೈಚೀಲದೊಳಗೆ ತುರುಕಿ ಜಿಪ್ ಎಳೆದರು. “ಹತ್ತಮ್ಮಾ, ಅಂಗಡಿ ಹತ್ರ ಇಳಿಸ್ತೀವಿ. ಬಿಸಿಲಲ್ಲಿ ಬಸ್ಸಿಗೆ ಯಾಕೆ ಕಾಯ್ತೀಯ?”

ಸರಿಯಾದ ಸೀಡಿ ಚೀಲದೊಳಗೆ ಹೋಯಿತು. ತಪ್ಪಾದದ್ದು, ಮಗ ಮರಳಿ ಕೊಟ್ಟ ಕೀಯನ್ನು ಗಂಡ ತಿರುಗಿಸಿದೊಡನೆ, ಬಿಟ್ಟ ಜಾಗದಿಂದ ಹಾಡತೊಡಗಿತು.

ಮಗ ಮುಂದೆ, ಡ್ರೈವರಿನ ಪಕ್ಕ. ಅಮ್ಮನವರು ಡ್ರೈವರಿನ ಹಿಂದೆ. ಅವಳು ಮಗನ ಹಿಂದೆ, ಸೀಟಿನ ತುದಿಯಲ್ಲಿ. ಎಷ್ಟು ಹತ್ತಿರ ಕೂತಿದ್ದಳೆಂದರೆ, ಕೈ ಚಾಚಿದರೆ ಗಂಡನ ಕುತ್ತಿಗೆಯ ಬೆವರು ಒರೆಸಬಹುದಿತ್ತು. ಈ ಕಾರಿನಲ್ಲಿ ಅವಳು ಕೂತದ್ದು ಇದೇ ಮೊದಲು. ಅಕ್ಕಪಕ್ಕ ಹಾರ್ನುಗಳು ಹೊಡೆದುಕೊಳ್ಳುತ್ತಿದ್ದವು. ಒಂದೊಂದಕ್ಕೂ ಅವಳ ಪಾದ ತಾನಾಗಿ ನೆಲ ಒತ್ತುತ್ತಿತ್ತು.

ಹಾಡೊಂದು ಮುಗಿದು ‘ಹಿತ್ತಲ ಗುಬ್ಬಿ’ ಶುರುವಾಯಿತು. ಹಸಿರು ಪಟ್ಟಿಯ ಮೇಲೆ ‘ಅಕ್ಕನ ಕನ್ನಡಿ’ ಎಂದು ಮೂಡಿತು.

ಮಗ ಪ್ಲೇಯರಿನ ಕಡೆ ಬೆರಳು ತೋರಿಸಿ, ಡ್ರೈವರಿನ ಮುಖವನ್ನೇ ನೋಡುತ್ತ ಕೇಳಿದರು. “ಯಾವ ಹಾಡಪ್ಪಾ ಇದು?”

“ಅಕ್ಕನ ಕನ್ನಡಿ, ಸಾರ್.”

“ಹೌದಾ? ಗುಬ್ಬಿ ಗುಬ್ಬಿ ಅಂತಿದ್ದಾಳಲ್ಲ?”

ಗಂಡನ ಕಿವಿಯ ತುದಿ ಕೆಂಪಾಯಿತು. ಅವನು ರಸ್ತೆಯಿಂದ ಕಣ್ಣು ತೆಗೆಯುವಂತಿರಲಿಲ್ಲ; ತೆಗೆಯದೆ ಪಕ್ಕದವರ ತುಟಿ ಓದುವಂತಿರಲಿಲ್ಲ. ಹೇಳುವುದಕ್ಕೆ ಅವಳು ಬಾಯಿ ತೆರೆದಳು. ಸೀಡಿ ತಪ್ಪಾಗಿದೆ ಸಾರ್, ಎಂದರೆ ಮುಗಿಯಿತು. ಕಿವಿಯಿದ್ದವನು ಬರೆದದ್ದನ್ನೇ ಯಾಕೆ ಓದಿದ ಎಂಬ ಪ್ರಶ್ನೆ ಅದರ ಬೆನ್ನಿಗೇ ಬರುತ್ತದೆ. ಬಾಯಿ ಹಾಗೇ ಮುಚ್ಚಿಕೊಂಡಿತು.

“ಅದೇ ಕಣೋ ಅಕ್ಕನ ಕನ್ನಡಿ,” ಎಂದರು ಅಮ್ಮನವರು ಹಿಂದಿನಿಂದ. “ಕಡೇ ಚರಣದಲ್ಲಿ ಆ ಗುಬ್ಬಿ ಬಂದು ಅಕ್ಕನ ಕನ್ನಡೀಲಿ ಮುಖ ನೋಡ್ಕೊಂಡು ಕುಕ್ಕುತ್ತೆ. ನೀನು ಯಾವತ್ತು ಒಂದು ಹಾಡನ್ನ ಕಡೇ ತನಕ ಕೇಳಿದೀಯ? ಸ್ಕೂಲಲ್ಲಿ ಪ್ರಾರ್ಥನೆಗೂ ಬರೀ ಬಾಯಿ ಆಡಿಸ್ತಾ ನಿಂತಿರ್ತಿದ್ದೆ. ನಿಮ್ಮ ಟೀಚರ್ ನನ್ನ ಕರೆಸಿ ಹೇಳಿದ್ರು.”

“ಅಮ್ಮಾ, ಅದೆಲ್ಲ ಈಗ ಯಾಕೆ?”

“ಮತ್ತೆ? ಕೇಳು ಸುಮ್ನೆ.”

ಅಂಥ ಚರಣವೇ ಆ ಹಾಡಿನಲ್ಲಿ ಇರಲಿಲ್ಲ. ಗುಬ್ಬಿ ಕಡೆಯ ಚರಣದಲ್ಲಿ ಮಳೆಗೆ ನೆಂದು ಸೂರಿನಡಿ ಸೇರುತ್ತದೆ. ನಿನ್ನೆಯಷ್ಟೇ ಕ್ಯಾಸೆಟ್ಟಿನಿಂದ ಇಳಿಸಿದವಳಿಗೆ ಅದು ಗೊತ್ತಿತ್ತು. ಜೀವಮಾನವಿಡೀ ಕೇಳಿದವರಿಗೆ ಗೊತ್ತಿರಲಿಲ್ಲವೇ? ಅವಳು ತಿರುಗಿ ನೋಡಿದಳು. ಕಪ್ಪು ಕನ್ನಡಕದ ಹಿಂದೆ ಏನೂ ಕಾಣಲಿಲ್ಲ. ಮೊದಲನೆಯ ಚರಣ ಮುಗಿಯಿತು. ಇನ್ನೆರಡು ಚರಣ ಮುಗಿದರೆ ಮಳೆ ಬರುತ್ತದೆ, ಕನ್ನಡಿ ಬರುವುದಿಲ್ಲ.

ಮಗ ಸೀಟಿಗೆ ಒರಗಿ, ಮುಖವನ್ನು ಪೂರ್ತಿ ಕಿಟಕಿಯ ಕಡೆ ತಿರುಗಿಸಿಕೊಂಡರು. ಬೀದಿಗೆ ಹೇಳುವವರಂತೆ, ಗಂಟಲು ಎತ್ತದೆ ಅಂದರು. “ಮುಂದಿನ ಸಿಗ್ನಲ್‌ನಲ್ಲಿ ಎಡಕ್ಕೆ ತಗೋ. ಬ್ಯಾಂಕಲ್ಲಿ ಕೆಲಸ ಇದೆ.”

ಮನೆಯ ದಾರಿ ನೇರವಾಗಿತ್ತು. ಗಂಡನ ಕಣ್ಣುಗಳು ಕನ್ನಡಿಯಲ್ಲಿ ಕಾಣುತ್ತಿದ್ದವು. ಅವು ನೇರ ರಸ್ತೆಯ ಮೇಲೆ ಶಾಂತವಾಗಿದ್ದವು. ಅವನಿಗೆ ತಲುಪಿರಲಿಲ್ಲ. ಸಿಗ್ನಲ್ ಹತ್ತಿರ ಬರುತ್ತಿತ್ತು. ಅವಳು ಕೆಮ್ಮಲೆ, ಸೀಟು ಒದೆಯಲೆ ಎಂದು ತಡಕಾಡುತ್ತಿರುವಾಗ ಅಮ್ಮನವರ ಕೈ ಕಾಣಿಸಿತು.

ಆ ಕೈ ಡ್ರೈವರಿನ ಸೀಟಿನ ಆಚೆ ಬದಿಯಿಂದ, ಬಾಗಿಲಿನ ಕಡೆಯಿಂದ ಮುಂದಕ್ಕೆ ಚಾಚಿತ್ತು. ವಯಸ್ಸಾದವರು ಕಾರು ಓಲಾಡಿದರೆ ಬೀಳುತ್ತೇವೆಂದು ಸೀಟು ಹಿಡಿದುಕೊಳ್ಳುತ್ತಾರಲ್ಲ, ಹಾಗೆ. ಮುಂದೆ ಕೂತವರಿಗೆ ಕಾಣದು. ಬೆರಳುಗಳು ಗಂಡನ ಭುಜದ ಮೇಲಿದ್ದವು. ಒಂದು ಬೆರಳು ಎದ್ದು ಒಮ್ಮೆ ತಟ್ಟಿತು.

ಗಂಡ ಹಿಂದೆ ನೋಡಲಿಲ್ಲ. ಬೆಚ್ಚಲೂ ಇಲ್ಲ. ಇಂಡಿಕೇಟರ್ ಹಾಕಿ, ಎಡಗಡೆಯ ಕನ್ನಡಿ ನೋಡಿ, ಕಾರನ್ನು ಎಡಕ್ಕೆ ತಿರುಗಿಸಿದ. ಎಷ್ಟೋ ಕಾಲದಿಂದ ಹಾಗೇ ತಿರುಗಿಸುತ್ತ ಬಂದವನ ಹಾಗೆ. ಮನೆಯಲ್ಲಿ ಅವನು ಈ ಸುದ್ದಿ ಎತ್ತಿದ್ದೇ ಇಲ್ಲ. ಅವನ ಮತ್ತು ಅಮ್ಮನವರ ನಡುವೆಯೂ ಈ ಮಾತು ಬಾಯಿಂದ ಬಂದಿತ್ತೋ ಇಲ್ಲವೋ.

ಮಗ ಕಿಟಕಿಯಿಂದ ಮುಖ ತೆಗೆದರು. ತಿರುವನ್ನು ನೋಡಿದರು, ಡ್ರೈವರನ್ನು ನೋಡಿದರು. “ಬೇಡ ಬಿಡು. ಬ್ಯಾಂಕಿಗೆ ನಾಳೆ ಹೋದ್ರಾಯ್ತು, ಮನೆಗೇ ನಡಿ,” ಎಂದು ಫೋನು ತೆಗೆದರು. ಭುಜದ ಮೇಲೆ ಬೆರಳು ಎರಡು ಸಲ ತಟ್ಟಿತು. ಮುಂದಿನ ಅಡ್ಡರಸ್ತೆಯಲ್ಲಿ ಕಾರು ಬಲಕ್ಕೆ ತಿರುಗಿ ಮತ್ತೆ ಮನೆಯ ದಿಕ್ಕು ಹಿಡಿಯಿತು.

“ಹಲೋ, ಹ್ಞಾ, ನಾನೇ. ನಾಳೆ ಬರ್ತೀನಿ ಅಂದಿದ್ನಲ್ಲ, ಆ ಡ್ರೈವರಿಗೆ ಬೇಡ ಅಂತ ಹೇಳಿಬಿಡಿ.” ಸ್ವಲ್ಪ ಹೊತ್ತು ಆ ಕಡೆಯ ಮಾತು ಕೇಳಿದರು. “ಇಲ್ಲ, ಇಲ್ಲ... ಸದ್ಯಕ್ಕೆ ಅಷ್ಟೇ. ಸದ್ಯಕ್ಕೆ ಬೇಡ.”

ಫೋನು ಇಟ್ಟು, ಪ್ಲೇಯರಿನ ಕಡೆ ಕೊಂಚ ಬಾಗಿದರು. “ಎಲ್ಲಿ ಅಮ್ಮಾ ನಿನ್ನ ಕನ್ನಡಿ? ಬಂತಾ?”

ಕಡೆಯ ಚರಣದ ಮುಂಚಿನ ಕೊಳಲು ಕೇಳುತ್ತಿತ್ತು. ಸ್ಟುಡಿಯೋದ ಬೋರ್ಡು ಬಂದು ಹಿಂದೆ ಸರಿಯಿತು. ನಿಲ್ಲಿಸಿ ಎನ್ನಲು ಅವಳಿಗೂ ಹೊಳೆಯಲಿಲ್ಲ, ಯಾವ ಬೆರಳೂ ತಟ್ಟಲಿಲ್ಲ. ಗಾಯಕಿ ಉಸಿರೆಳೆದುಕೊಂಡಳು. ಅವಳಿಗಿಂತ ಅರೆಕ್ಷಣ ಮುಂಚೆ, ಅವಳ ದನಿ ಮುಚ್ಚಿಹೋಗುವಷ್ಟು ಜೋರಾಗಿ, ಅಮ್ಮನವರು ಹಾಡತೊಡಗಿದರು. ಒಡೆದ ಗಂಟಲು, ಆದರೆ ರಾಗ ಹಿಡಿತದಲ್ಲಿತ್ತು. ಎಲ್ಲೂ ಇಲ್ಲದ ಕನ್ನಡಿಯೊಂದನ್ನು ಅವರು ಗುಬ್ಬಿಯ ಮುಂದೆ ತಂದಿಟ್ಟರು, ಅದರಲ್ಲಿ ಅದು ತನ್ನನ್ನೇ ಕಂಡು ಕುಕ್ಕುವಂತೆ ಮಾಡಿದರು, ಪದ ಸಾಲದಾದಾಗ ಲಲಲ ಎಂದು ತುಂಬಿಸಿಕೊಂಡರು.

“ಅಮ್ಮಾ, ಸಾಕು, ಮರ್ಯಾದೆ ತೆಗೀಬೇಡ,” ಎಂದು ಮಗ ನಗುತ್ತ ಕಿಟಕಿಯ ಗಾಜು ಏರಿಸಿದರು.

ಅಮ್ಮನವರು ನಿಲ್ಲಿಸಲಿಲ್ಲ. ಡ್ರೈವರಿನ ಭುಜದ ಮೇಲೆ ನಾಲ್ಕೂ ಬೆರಳುಗಳು ತಾಳ ಹಾಕುತ್ತಿದ್ದವು. ಅವಳು ನೋಡುತ್ತಿದ್ದ ಹಾಗೆ ಗಂಡನ ಕುತ್ತಿಗೆ, ಮೊದಲು ಅನುಮಾನಿಸುತ್ತ, ಆಮೇಲೆ ಒಂದೊಂದು ತಾಳಕ್ಕೂ ಸರಿಯಾಗಿ, ಮೆಲ್ಲಗೆ ತೂಗತೊಡಗಿತು.